ಮೈಸೂರಿನ ಬೀದಿಗಳು: ಕೃಷ್ಣಮೂರ್ತಿಪುರಂನಿಂದ ಹೊರವರ್ತುಲ ರಸ್ತೆಯವರೆಗೆ

ಊರಿನ ಇತಿಹಾಸವನ್ನು ಬರೆಯಹೊರಟವರು ಅರಮನೆ, ಗುಡಿ, ಕೋಟೆ, ಶಾಸನಗಳ ಕಡೆಗೆ ಸಹಜವಾಗಿಯೇ ದೃಷ್ಟಿ ಹರಿಸುತ್ತಾರೆ. ಬೀದಿಯನ್ನು ಕುರಿತು ಬರೆಯುವವರು ವಿರಳ. ಆದರೆ ವಿಚಾರಿಸಿ ನೋಡಿದರೆ ಊರಿನ ಅಂಗಗಳಲ್ಲೆಲ್ಲ ದೀರ್ಘಾಯುಷ್ಯವುಳ್ಳದ್ದು ಬೀದಿಯೇ. ಅಜ್ಜ ಕಟ್ಟಿಸಿದ ಮನೆಯನ್ನು ಮಗ ಕೆಡವಿ ಕಟ್ಟುತ್ತಾನೆ, ಮೊಮ್ಮಗ ಮಾರುತ್ತಾನೆ. ಅರಮನೆಯೇ ಬೆಂಕಿಗೆ ಆಹುತಿಯಾಗಿ ಮತ್ತೊಮ್ಮೆ ಎದ್ದು ನಿಲ್ಲುತ್ತದೆ. ಬೀದಿಯ ಗೆರೆ ಮಾತ್ರ ಒಮ್ಮೆ ಬಿದ್ದ ಜಾಗದಲ್ಲಿಯೇ ಉಳಿದುಬಿಡುತ್ತದೆ. ಅದನ್ನು ಬದಲಿಸಬೇಕಾದರೆ ಇಕ್ಕೆಲದ ಮನೆಯವರೆಲ್ಲರೂ ಒಪ್ಪಬೇಕು; ಅಂಥ ಒಪ್ಪಿಗೆ ಲೋಕದಲ್ಲಿ ದುರ್ಲಭ. ಆದಕಾರಣ ಊರು ಬೆಳೆಯುವ ಕಾಲದಲ್ಲಿ ಬೀದಿಗಳನ್ನು ಒಂದನ್ನೊಂದು ಕೂಡುವಂತೆ ಹಾಕಿದರೋ ಕೂಡದಂತೆ ಹಾಕಿದರೋ ಎಂಬ ಪ್ರಶ್ನೆಯನ್ನು ಅಂದಿನ ಇಂಜಿನಿಯರರಿಗಷ್ಟೇ ಬಿಟ್ಟುಬಿಡುವಂತಿಲ್ಲ. ಮುಂದಿನ ನೂರು ವರ್ಷಗಳಲ್ಲಿ ಯಾರು ಯಾರ ಮನೆಗೆ ನಡೆದುಹೋಗಬಲ್ಲರು ಎಂಬುದು ಅಂದೇ ನಿಶ್ಚಯವಾಗಿಬಿಟ್ಟಿರುತ್ತದೆ.

ಈ ವಿಚಾರ ನಮ್ಮ ಮನಸ್ಸಿಗೆ ಹೊಳೆದುದು ಗ್ರಂಥಗಳಿಂದಲ್ಲ. 1990ರ ದಶಕದ ಆರಂಭದಲ್ಲಿ ನಾವು ಮೈಸೂರಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗ ಎಲ್ಲಿಗೆ ಹೋಗಬೇಕಾದರೂ ನಡೆದೇ ಹೋಗುವ ರೂಢಿಯಿತ್ತು. ಕೃಷ್ಣಮೂರ್ತಿಪುರಂನಲ್ಲಿ ನಿವೃತ್ತ ಪಂಡಿತರೊಬ್ಬರು ವಾರಕ್ಕೆ ಮೂರು ದಿನ ನಮಗೆ ವ್ಯಾಕರಣ ಪಾಠ ಹೇಳುತ್ತಿದ್ದರು. ಅವರ ಮನೆಗೆ ಹೋಗಲು ನಮಗೆ ನಿಯತವಾದ ದಾರಿಯೆಂಬುದೇ ಇರಲಿಲ್ಲ. ಒಂದು ಅಡ್ಡರಸ್ತೆಯಲ್ಲಿ ಮದುವೆಯ ಚಪ್ಪರ ಹಾಕಿದ್ದರೆ ಮುಂದಿನ ಅಡ್ಡರಸ್ತೆ. ಅಲ್ಲಿ ಚರಂಡಿ ಅಗೆದಿದ್ದರೆ ಅದರಾಚೆಯದು. ಒಂದು ದಿನ ತಡವಾಗಿ ಹೋಗಿ ದಾರಿಯ ನೆಪ ಹೇಳಿದಾಗ ಆ ವೃದ್ಧರು ನಕ್ಕು, “ಮರಿಸ್ವಾಮಿಗಳೇ, ಬೇರೆ ಯಾವ ಸಬೂಬಾದರೂ ಹೇಳಿ. ಈ ಬಡಾವಣೆಯಲ್ಲಿ ದಾರಿ ಸಿಗಲಿಲ್ಲ ಎಂದರೆ ಯಾರೂ ನಂಬುವುದಿಲ್ಲ” ಎಂದಿದ್ದರು. ಶಾರದಾ ವಿಲಾಸ ಕಾಲೇಜಿನಲ್ಲಿ ಓದಿದ ನಮ್ಮ ಹಿರಿಯ ವಿದ್ಯಾರ್ಥಿಗಳಿಗೂ ಇದೇ ಅನುಭವ ಇದ್ದೀತು.

ಅಂಥ ಬಡಾವಣೆ ಮೈಸೂರಿಗೆ ಹೇಗೆ ಬಂದಿತು ಎಂಬುದನ್ನು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಮೈಸೂರು ಪ್ರಾಚೀನವಾದ ಊರಾದರೂ ಇಂದಿನ ನಗರದ ಬೀದಿಗಳು ಬಹುಮಟ್ಟಿಗೆ 1799ರ ಈಚಿನವು. ಟಿಪ್ಪು ಸುಲ್ತಾನನು 1787ರ ಸುಮಾರಿಗೆ ಹಳೆಯ ಊರನ್ನೂ ಕೋಟೆಯನ್ನೂ ಕೆಡವಿಸಿ, ಆ ಕಲ್ಲುಗಳಿಂದ ಪಕ್ಕದಲ್ಲಿ ನಜರಬಾದ್ ಕಟ್ಟಿಸಲು ತೊಡಗಿದನು. ಅವನ ಪತನಾನಂತರ ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಮರಳಿದಾಗ ಅವೇ ಕಲ್ಲುಗಳು ಹಿಂದಕ್ಕೆ ಬಂದವು. ಹೀಗೆ ಎರಡನೆಯ ಬಾರಿ ಹುಟ್ಟಿದ ಮೈಸೂರಿನಲ್ಲಿ ಅರಮನೆಯ ಸುತ್ತ, ಕೋಟೆಯೊಳಗೆ, ಮನೆಗಳು ಒತ್ತೊತ್ತಾಗಿ ಎದ್ದವು; ಹೊರಗೆ ಪೇಟೆ ಬೆಳೆಯಿತು. ಕೋಟೆ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಮಂಡಿ ಮೊಹಲ್ಲಾ ಮುಂತಾದ ಹೆಸರುಗಳು ಆ ಬೆಳವಣಿಗೆಯ ಗುರುತುಗಳು. ದಿವಾನ್ ಪೂರ್ಣಯ್ಯನವರು ನಗರಕ್ಕೆ ಕಾವೇರಿಯ ನೀರನ್ನು ತರಬೇಕೆಂದು ನಾಲೆಯೊಂದನ್ನು ತೋಡಿಸಿದರು. ಉದ್ದೇಶ ಕೈಗೂಡಲಿಲ್ಲ. ಕಡೆಗೆ ಆ ನಾಲೆ ಊರ ನಡುವೆ ಕೊಳಚೆಯ ಕಾಲುವೆಯಾಗಿ ಪರಿಣಮಿಸಿ, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದನ್ನು ಮುಚ್ಚಬೇಕಾಯಿತು. ಇಂದು ಸಯ್ಯಾಜಿರಾವ್ ರಸ್ತೆಯಲ್ಲಿ ಹೂವು ಹಣ್ಣು ಕೊಳ್ಳುವವರು ಆ ನಾಲೆಯ ಮೇಲೆಯೇ ನಿಂತು ಚೌಕಾಸಿ ಮಾಡುತ್ತಿದ್ದಾರೆ. ನೀರು ತರಲಾರದ ಗೆರೆ ಜನರನ್ನು ತರುವ ಗೆರೆಯಾಯಿತು.

ಊರಿನ ರೂಪವನ್ನು ನಿಜವಾಗಿ ಬದಲಿಸಿದ್ದು ಎರಡು ವಿಪತ್ತುಗಳು. 1897ರಲ್ಲಿ ಹಳೆಯ ಅರಮನೆ ಬೆಂಕಿಗೆ ತುತ್ತಾಯಿತು; ಮರುವರ್ಷ ಪ್ಲೇಗು ಕಾಲಿಟ್ಟಿತು. 1891ರ ಜನಗಣತಿಯಲ್ಲಿ 74,048 ಇದ್ದ ನಗರದ ಜನಸಂಖ್ಯೆ 1901ರಲ್ಲಿ 68,111ಕ್ಕೆ ಇಳಿದಿತ್ತು. ಈ ಅಂಕಿಗಳ ಹಿಂದೆ ಮುಚ್ಚಿದ ಮನೆಗಳು, ಊರಾಚೆಯ ಗುಡಿಸಲುಗಳು, ಸತ್ತವರ ಲೆಕ್ಕ ಎಲ್ಲವೂ ಅಡಗಿವೆ. ಗಾಳಿ ಬೆಳಕು ಆಡದ ಇಕ್ಕಟ್ಟಾದ ಸಂದಿಗಳೇ ರೋಗದ ಮನೆಯೆಂದು ಅಂದಿನ ಸರ್ಕಾರ ಅರಿತುಕೊಂಡಿತು. ಮುಂಬಯಿಯಲ್ಲಿ ಇದೇ ಕಾರಣಕ್ಕಾಗಿ 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ಹುಟ್ಟಿತ್ತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಂಗಳು ಬೆಳೆದುದೂ ಆ ಕಾಲದಲ್ಲಿಯೇ. ಮೈಸೂರಿನಲ್ಲಿ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಸ್ಥಾಪಿತವಾಯಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡು ಒಂದು ವರ್ಷ. ದಿವಾನರಾಗಿದ್ದವರು ಪೂರ್ಣಯ್ಯನವರ ವಂಶಸ್ಥರಾದ ಪಿ. ಎನ್. ಕೃಷ್ಣಮೂರ್ತಿಗಳು. 1901ರಿಂದ 1906ರವರೆಗೆ ದಿವಾನಗಿರಿ ನಡೆಸಿದ ಇವರ ಹೆಸರೇ ಕೃಷ್ಣಮೂರ್ತಿಪುರಂಗೆ ನಿಂತಿತು. ಮುತ್ತಾತನ ಕಾಲದ ನಾಲೆ ಬೀದಿಯಾಯಿತು, ಮೊಮ್ಮಗನ ಹೆಸರು ಬಡಾವಣೆಯಾಯಿತು.

ಈ ಬಡಾವಣೆಯ ರಚನೆಯಲ್ಲಿ ವಿಸ್ಮಯಪಡುವಂಥದು ಮೇಲ್ನೋಟಕ್ಕೆ ಏನೂ ಕಾಣುವುದಿಲ್ಲ. ಮುಖ್ಯರಸ್ತೆಗಳು ಒಂದು ದಿಕ್ಕಿಗೆ, ಅಡ್ಡರಸ್ತೆಗಳು ಇನ್ನೊಂದು ದಿಕ್ಕಿಗೆ. ಚದುರಂಗದ ಹಾಸಿನಂತೆ ಮನೆಗಳ ಸಾಲು. ಮನೆಗಳ ಬೆನ್ನಿಗೆ ಮಲಮೂತ್ರ, ಕಸ ಸಾಗಿಸಲೆಂದು ಬಿಟ್ಟ ‘ಕನ್ಸರ್ವೆನ್ಸಿ’ ಓಣಿ. ಆ ಓಣಿಯಲ್ಲಿ ಮನುಷ್ಯರಿಂದ ಮಾಡಿಸುತ್ತಿದ್ದ ಕೆಲಸವನ್ನು ನೆನೆದರೆ ಇಂದು ತಲೆತಗ್ಗಿಸಬೇಕು. ಒಳಚರಂಡಿ ಬಂದ ಮೇಲೆ ಅದು ಮಕ್ಕಳ ಅಡ್ಡದಾರಿಯಾಗಿ, ಕೆಲವೆಡೆ ಒತ್ತುವರಿಯಾಗಿ, ಉಳಿದೆಡೆ ಕಸದ ತೊಟ್ಟಿಯಾಗಿ ಬಾಳುತ್ತಿದೆ. ಮುಖ್ಯವಾದ ಸಂಗತಿಯೆಂದರೆ ಬಡಾವಣೆಯ ಅಂಚಿಗೆ ಬಂದಾಗ ಬೀದಿಗಳು ನಿಂತುಹೋಗಲಿಲ್ಲ. ಉತ್ತರದ ಚಾಮರಾಜಪುರಂ, ಲಕ್ಷ್ಮೀಪುರಂಗಳಿಗೆ, ದಕ್ಷಿಣದ ಅಶೋಕಪುರಂಗೆ, ಆಗ್ನೇಯದ ವಿದ್ಯಾರಣ್ಯಪುರಂ ಕಡೆಗೆ ಅವು ಹರಿದು ಸೇರಿಕೊಂಡವು. ಎಲ್ಲಿ ಒಂದು ಬಡಾವಣೆ ಮುಗಿದು ಇನ್ನೊಂದು ಪ್ರಾರಂಭವಾಯಿತೆಂದು ಅಂಚೆಯವನನ್ನು ಕೇಳಿ ತಿಳಿಯಬೇಕೇ ಹೊರತು ಕಾಲಿಗೆ ತಿಳಿಯುವುದಿಲ್ಲ.

ಈ ಬಗೆಯ ಬೀದಿಗಳ ಗುಣವನ್ನು ಲೆಕ್ಕದಿಂದಲೂ ತಿಳಿಯಬಹುದು. ಒಬ್ಬನು ನಾಲ್ಕು ಬೀದಿ ಪೂರ್ವಕ್ಕೆ, ಮೂರು ಬೀದಿ ದಕ್ಷಿಣಕ್ಕೆ ಹೋಗಬೇಕೆಂದಿಟ್ಟುಕೊಳ್ಳೋಣ. ಹಿಂದಕ್ಕೆ ಮರಳದೆ, ಒಂದು ಹೆಜ್ಜೆಯೂ ಹೆಚ್ಚು ಸುತ್ತದೆ ಅವನು ಹೋಗಬಹುದಾದ ಬೇರೆ ಬೇರೆ ದಾರಿಗಳು ಮೂವತ್ತೈದು. ಏಳರಲ್ಲಿ ಮೂರನ್ನು ಆಯುವ ಬಗೆಗಳೆಷ್ಟೋ ಅಷ್ಟು. ಇಂಥ ಆಯ್ಕೆಯ ಲೆಕ್ಕಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟವನು ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಗಣಿತಸಾರಸಂಗ್ರಹದ ಕರ್ತೃ ಮಹಾವೀರಾಚಾರ್ಯ. ಛಂದಶ್ಶಾಸ್ತ್ರ ಓದಿದವರು ಇದೇ ಸಂಖ್ಯೆಯನ್ನು ಪಿಂಗಳನ ಸೂತ್ರಗಳಿಗೆ ಹಲಾಯುಧನು ಬರೆದ ವ್ಯಾಖ್ಯಾನದ ಮೇರುಪ್ರಸ್ತಾರದಲ್ಲಿ ಕಾಣಬಹುದು. ಮೂವತ್ತೈದರಲ್ಲಿ ಕೆಲವು ಮುಚ್ಚಿದರೂ ಉಳಿದವು ತೆರೆದಿರುತ್ತವೆ. ದೂರದ ಮಾತಾದರೆ, ಹಕ್ಕಿ ಹಾರುವ ನೇರದಲ್ಲಿ ಒಂದು ಕಿಲೋಮೀಟರ್ ದೂರವಿರುವ ಮನೆಗೆ ಇಂಥ ಚೌಕಬೀದಿಗಳಲ್ಲಿ ನಡೆದುಹೋಗುವವನು ಹೆಚ್ಚೆಂದರೆ ಸುಮಾರು 1.41 ಕಿಲೋಮೀಟರ್ ನಡೆಯಬೇಕಾದೀತು. ಅದಕ್ಕಿಂತ ಹೆಚ್ಚಿನ ಶಿಕ್ಷೆ ಇಲ್ಲ. ಮುಂದೆ ದಾರಿಯಿಲ್ಲದ, ಜನ ‘ಡೆಡ್ ಎಂಡ್’ ಎನ್ನುವ ಬೀದಿಗಳಲ್ಲಿ ಈ ಶಿಕ್ಷೆಗೆ ಮಿತಿಯೇ ಇಲ್ಲ. ಬೆನ್ನಿಗೆ ಬೆನ್ನು ಹಚ್ಚಿದ ಎರಡು ಮನೆಗಳ ನಡುವೆ ಒಂದು ಮೈಲಿ ದಾರಿ ಇರಬಹುದು.

ಕೂಡುವ ಬೀದಿ ನಮ್ಮ ದೇಶಕ್ಕೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗನಿವೇಶ ಪ್ರಕರಣ ಪೂರ್ವಪಶ್ಚಿಮವಾಗಿ ಮೂರು, ದಕ್ಷಿಣೋತ್ತರವಾಗಿ ಮೂರು ರಾಜಮಾರ್ಗಗಳಿರಬೇಕೆಂದು ವಿಧಿಸುತ್ತದೆ. ಮಾನಸಾರದಲ್ಲಿ ಸರ್ವತೋಭದ್ರ, ನಂದ್ಯಾವರ್ತ, ಸ್ವಸ್ತಿಕ ಮೊದಲಾದ ಎಂಟು ಬಗೆಯ ಗ್ರಾಮವಿನ್ಯಾಸಗಳಿವೆ. ಜಯಪುರವನ್ನು 1727ರಲ್ಲಿ ಚೌಕಗಳಾಗಿಯೇ ಕಟ್ಟಿದರು. ಆದರೆ ಇವನ್ನು ಹೇಳಿ ಬೆನ್ನು ತಟ್ಟಿಕೊಳ್ಳುವ ಮೊದಲು ಅದೇ ಅರ್ಥಶಾಸ್ತ್ರದ ಅದೇ ಪ್ರಕರಣವನ್ನು ಇನ್ನೂ ನಾಲ್ಕು ಸಾಲು ಮುಂದೆ ಓದಬೇಕು. ಯಾವ ವರ್ಣದವರು ಯಾವ ದಿಕ್ಕಿನಲ್ಲಿರಬೇಕೆಂದು ಅಲ್ಲಿ ವಿಭಾಗಿಸಿದೆ. ಪಾಷಂಡರಿಗೂ ಚಂಡಾಲರಿಗೂ ಸ್ಮಶಾನದಂಚಿನಲ್ಲಿ ವಾಸವೆಂದಿದೆ. ಮಾರ್ಗಗಳನ್ನು ಕೂಡಿಸಿದ ಕೈಯೇ ಮನುಷ್ಯರನ್ನು ಬೇರ್ಪಡಿಸಿತು.

ಮೈಸೂರಿನ ಬಡಾವಣೆಗಳೂ ಈ ದೋಷದಿಂದ ಪೂರ್ತಿ ಮುಕ್ತವಾಗಿರಲಿಲ್ಲ. ಕೃಷ್ಣಮೂರ್ತಿಪುರಂನಲ್ಲಿ ಬಹುಮಟ್ಟಿಗೆ ಬ್ರಾಹ್ಮಣ ಗೃಹಸ್ಥರು ನೆಲೆಸಿದರು. ಪಕ್ಕದ ಅಶೋಕಪುರಂನ ಹಿಂದಿನ ಹೆಸರೇ ಆದಿಕರ್ನಾಟಕಪುರ. ಅಲ್ಲಿ ಯಾರು ಇರಬೇಕೆಂದು ಹೆಸರೇ ಹೇಳುತ್ತಿತ್ತು. ಬೀದಿ ಕೂಡಿದ ಮಾತ್ರಕ್ಕೆ ಮನೆಯ ಹೊಸ್ತಿಲು ಕೂಡಲಿಲ್ಲ. ಇದನ್ನು ಮುಚ್ಚಿಟ್ಟು ಹಳೆಯ ಬಡಾವಣೆಯನ್ನು ಹೊಗಳುವುದು ಸತ್ಯಕ್ಕೆ ದೂರ. ಆದರೂ ಒಂದು ವ್ಯತ್ಯಾಸವುಂಟು. ಬೀದಿ ತೆರೆದಿದ್ದರಿಂದ ಕಾಲಕ್ರಮದಲ್ಲಿ ಅಶೋಕಪುರಂನ ಹುಡುಗ ಕೃಷ್ಣಮೂರ್ತಿಪುರಂನ ನಡುವೆ ಹಾದು ಕಾಲೇಜಿಗೆ ನಡೆದ, ಇಲ್ಲಿಯವರು ಅಲ್ಲಿಯ ಅಂಗಡಿಗೆ ಹೋದರು; ಒಂದೇ ಬಸ್ ನಿಲ್ದಾಣದಲ್ಲಿ ಇಬ್ಬರೂ ನಿಂತರು. ಕಾನೂನು ಬದಲಾದಾಗ ಬೀದಿ ಅದಕ್ಕೆ ಅಡ್ಡ ಬರಲಿಲ್ಲ. ಎರಡರ ನಡುವೆ ಅಂದು ಗೋಡೆ ಎದ್ದಿದ್ದರೆ, ಮನಸ್ಸು ಬದಲಾದ ಮೇಲೂ ಗೋಡೆ ಹಾಗೆಯೇ ನಿಂತಿರುತ್ತಿತ್ತು.

ಪಶ್ಚಿಮದ ಕಡೆಗೆ ಮಾತ್ರ ಕೃಷ್ಣಮೂರ್ತಿಪುರಂನ ಬೀದಿಗಳಿಗೆ ಆ ಭಾಗ್ಯವಿರಲಿಲ್ಲ. ಬಡಾವಣೆ ಹುಟ್ಟುವುದಕ್ಕೆ ಮುಂಚೆಯೇ, 1891ರಲ್ಲಿ, ಮೈಸೂರಿನಿಂದ ನಂಜನಗೂಡಿಗೆ ರೈಲುಹಳಿ ಬಿದ್ದಿತ್ತು. ಮುಂದೆ 1924ರಲ್ಲಿ ಅಶೋಕಪುರಂ ಬಳಿ ರೈಲ್ವೆ ಕಾರ್ಯಾಗಾರವೂ ಬಂದಿತು. ಹಳಿಯಿಂದ ನಾಡಿಗೆ ಉಪಕಾರವಾಯಿತು. ಕಾರ್ಯಾಗಾರದಿಂದ ಎಷ್ಟೋ ಸಂಸಾರಗಳು ಅನ್ನ ಕಂಡವು. ಅದರೊಂದಿಗೆ ಊರಿನ ನೈಋತ್ಯ ದಿಕ್ಕಿಗೆ ಒಂದು ಬೇಲಿಯೂ ಬಿದ್ದಿತು. ಹಳಿಯ ಆಚೆ ಸರಸ್ವತೀಪುರಂ, ಕುವೆಂಪುನಗರಗಳು ಬೆಳೆದಾಗ ಈಚೆಯ ಅಡ್ಡರಸ್ತೆಗಳೆಲ್ಲ ಅಲ್ಲಿಗೆ ಹಾಯುವಂತಿರಲಿಲ್ಲ; ಗೇಟು, ಸೇತುವೆ ಇದ್ದ ಕೆಲವೇ ಕಡೆಗಳಲ್ಲಿ ಎಲ್ಲರೂ ಕೂಡಿ ದಾಟಬೇಕಾಯಿತು. ಪಂಡಿತರ ಮನೆಯಿಂದ ಮಾನಸಗಂಗೋತ್ರಿಗೆ ಹೋಗುವಾಗ ನಮ್ಮ ಮೂವತ್ತೈದು ದಾರಿಗಳು ಹಳಿಯ ಬಳಿ ಒಂದೇ ದಾರಿಯಾಗುತ್ತಿದ್ದವು. ಅದರಾಚೆ 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಕುಕ್ಕರಹಳ್ಳಿ ಕೆರೆ, 1960ರಲ್ಲಿ ಎದ್ದ ವಿಶ್ವವಿದ್ಯಾನಿಲಯದ ವಿಶಾಲ ಆವರಣ. ಇವೂ ಬೀದಿಯನ್ನು ತಡೆಯುವಂಥವೇ. ಆದರೆ ಕೆರೆ ತಡೆದರೆ ನೊಂದುಕೊಳ್ಳುವವರುಂಟೇ? ಕೆರೆಯ ಏರಿಯ ಮೇಲೆ ನಡೆಯುವಷ್ಟು ದಾರಿ ಬಿಟ್ಟಿದ್ದರೆ ಸಾಕು.

ನಗರ ಪಶ್ಚಿಮಕ್ಕೆ ಬೆಳೆದಾಗ ಸಿಕ್ಕಿದ ಇನ್ನೊಂದು ತೊಡಕು ಕೊಪ್ಪಲುಗಳದು. ಒಂಟಿಕೊಪ್ಪಲು, ಕನ್ನೇಗೌಡನ ಕೊಪ್ಪಲು, ತೊಣಚಿಕೊಪ್ಪಲು, ಪಡುವಾರಹಳ್ಳಿ: ಇವೆಲ್ಲ ನಗರದ ಹೊರಗೆ ಹೊಲಗಳ ನಡುವೆ ಇದ್ದ ಹಳ್ಳಿಗಳು. ಅವುಗಳ ಓಣಿಗಳು ದನದ ಕಾಲು, ಗಾಡಿಯ ಗಾಲಿ ತುಳಿದಂತೆ ತಿರುಗಿದವು. ಟ್ರಸ್ಟ್ ಬೋರ್ಡು ಹೊಲಗಳನ್ನು ಸ್ವಾಧೀನಪಡಿಸಿಕೊಂಡು ಸುತ್ತಲೂ ಚೌಕಬೀದಿ ಹಾಕಿತು, ಊರೊಟ್ಟನ್ನು ಮುಟ್ಟಲಿಲ್ಲ. ಹೊಸಬೀದಿ ಬಂದು ಹಳ್ಳಿಯ ಗೋಡೆಗೆ ತಾಗಿ ನಿಂತಿತು. ಕೊಪ್ಪಲಿನ ಓಣಿಗಳು ಸೊಟ್ಟಗಿದ್ದರೂ ಒಂದಕ್ಕೊಂದು ಸೇರಿವೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹೊಸಬರಿಗೆ ದಿಕ್ಕು ತಪ್ಪೀತು, ದಾರಿ ತಪ್ಪದು. ಸೊಟ್ಟ ಬೇರೆ, ಮುಚ್ಚಿದ್ದು ಬೇರೆ. ನೇರವಾಗಿ, ಅಗಲವಾಗಿ, ಡಾಂಬರು ಹಾಕಿ, ಮರ ನೆಟ್ಟ ಬೀದಿಯೊಂದು ಎಲ್ಲಿಗೂ ಹೋಗದಿರಬಹುದು; ಎರಡು ಮೊಳದ ಓಣಿಯೊಂದು ಇಡೀ ಊರನ್ನು ಕೂಡಿಸಬಹುದು.

ಎಲ್ಲಿಗೂ ಹೋಗದ ಬೀದಿ ಒಂದು ಕಾಲದಲ್ಲಿ ವಿದ್ಯಾವಂತರ ಆದರ್ಶವಾಗಿತ್ತೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಅಮೆರಿಕದಲ್ಲಿ ಮೋಟಾರುಕಾರು ಹೆಚ್ಚಿ ಮಕ್ಕಳು ಬೀದಿಯಲ್ಲಿ ಸಾಯತೊಡಗಿದಾಗ, ಮನೆಗಳ ನಡುವೆ ವಾಹನ ಹಾಯದಂತೆ ಮಾಡಬೇಕೆಂಬ ಸದುದ್ದೇಶದಿಂದ, 1929ರಲ್ಲಿ ನ್ಯೂಜೆರ್ಸಿಯ ರ‍್ಯಾಡ್‌ಬರ್ನ್ ಎಂಬಲ್ಲಿ ಹೊಸ ಮಾದರಿಯ ಬಡಾವಣೆ ಕಟ್ಟಿದರು. ಅಲ್ಲಿ ಮನೆಗಳಿದ್ದದ್ದು ಮುಂದೆ ದಾರಿಯಿಲ್ಲದ ಕಿರುಬೀದಿಗಳಲ್ಲಿ. ಆದರೆ ಕಾಲ್ನಡಿಗೆಯವರಿಗೆ ಉದ್ಯಾನದ ನಡುವೆ ಪ್ರತ್ಯೇಕ ದಾರಿಗಳನ್ನು ಬಿಟ್ಟಿದ್ದರು. 1934ರಲ್ಲಿ ಸ್ಥಾಪಿತವಾದ ಅಲ್ಲಿಯ ಕೇಂದ್ರ ಗೃಹನಿರ್ಮಾಣ ಆಡಳಿತವೂ ಮನೆಸಾಲ ಕೊಡುವ ಸಂದರ್ಭದಲ್ಲಿ ಇಂಥ ಮುಚ್ಚುಬೀದಿಗಳಿಗೇ ಶಿಫಾರಸು ಮಾಡಿತು. ದೇಶದಾದ್ಯಂತ ಮುಚ್ಚುಬೀದಿ ಹರಡಿತು. ಕಾಲ್ದಾರಿ ಮಾತ್ರ ಹಿಂದೆ ಉಳಿಯಿತು. ಲೋಕದಲ್ಲಿ ಅನುಕರಣೆಯ ರೀತಿಯೇ ಹಾಗೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಕ್ರಿಸ್ಟೋಫರ್ ಬ್ಯಾರಿಂಗ್ಟನ್-ಲೀ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಆಡಮ್ ಮಿಲರ್ಡ್-ಬಾಲ್ ಎಂಬ ಇಬ್ಬರು ವಿದ್ವಾಂಸರು ಈ ವಿಷಯವನ್ನು ಅಳತೆಗೆ ತಂದಿದ್ದಾರೆ. ಅವರ ಕ್ರಮ ಸರಳ. ಬೀದಿಗಳು ಸೇರುವ ಪ್ರತಿಯೊಂದು ಸ್ಥಳದಲ್ಲಿ ಎಷ್ಟು ಬೀದಿ ಕೂಡುತ್ತವೆ ಎಂದು ಎಣಿಸುವುದು: ನಾಲ್ಕು ಕೂಡಿದರೆ ಚೌಕ, ಮೂರು ಕೂಡಿದರೆ ಕವಲು, ಒಂದೇ ಆದರೆ ಕೊನೆ. ಜೊತೆಗೆ ನೇರದೂರಕ್ಕೂ ನಡೆವ ದೂರಕ್ಕೂ ಇರುವ ಅಂತರವನ್ನು ನೋಡುವುದು. 2015ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ ಅಮೆರಿಕದ ಹೊಸ ಬೀದಿಗಳ ಈ ಚದುರುವಿಕೆ 1994ರ ಸುಮಾರಿಗೆ ಶಿಖರ ಮುಟ್ಟಿ ಆಮೇಲೆ ಇಳಿಯತೊಡಗಿತು. ಅಲ್ಲಿ ಊರುಗಳು ತಮ್ಮ ತಪ್ಪನ್ನು ಕಂಡುಕೊಂಡು ಕೂಡುಬೀದಿಗೆ ಮರಳುತ್ತಿದ್ದವು. 2020ರಲ್ಲಿ ಇಡೀ ಪ್ರಪಂಚದ ಬೀದಿಗಳನ್ನು ಪರಿಶೀಲಿಸಿ ಅವರು ಕಂಡದ್ದು ಬೇರೆ: 1975ರಿಂದೀಚೆಗೆ ಜಗತ್ತಿನ ಬಹುಭಾಗದಲ್ಲಿ ಹೊಸ ಬೀದಿಗಳು ಹಿಂದಿನವಕ್ಕಿಂತ ಕಡಿಮೆ ಕೂಡುತ್ತಿವೆ. ಜಪಾನು, ಲ್ಯಾಟಿನ್ ಅಮೆರಿಕದ ಹಲವು ಭಾಗಗಳಂಥ ಕೆಲವು ಪ್ರದೇಶಗಳಲ್ಲಿ ಮಾತ್ರ ಕೂಡುಬೀದಿಯ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಬೀದಿ ಕೂಡದ ಕಡೆ ಜನ ನಡೆಯುವುದು ಕಡಿಮೆ, ವಾಹನ ಕೊಳ್ಳುವುದು ಹೆಚ್ಚು ಎಂಬುದನ್ನೂ ಅವರು ತೋರಿಸಿದ್ದಾರೆ. ಹಾಗೂ ಒಮ್ಮೆ ಕೂಡದಂತೆ ಬೆಳೆದ ಕಡೆ ಮುಂದಿನ ಬೆಳವಣಿಗೆಯೂ ಅದೇ ಜಾಡು ಹಿಡಿಯುತ್ತದೆ.

ಈಗ ಮೈಸೂರಿಗೆ ಮರಳೋಣ. ಸ್ವಾತಂತ್ರ್ಯಾನಂತರವೂ ಟ್ರಸ್ಟ್ ಬೋರ್ಡು ಹಾಕಿದ ಬಡಾವಣೆಗಳಲ್ಲಿ ಹಳೆಯ ಪದ್ಧತಿ ಸಾಕಷ್ಟು ಉಳಿದಿತ್ತು. ನಿವೇಶನ ಚಿಕ್ಕದಾಯಿತು, ಕ್ರಾಸುಗಳ ಸಂಖ್ಯೆ ನೂರನ್ನು ಮುಟ್ಟುವ ಕಡೆಗೆ ನಡೆದು ಅಂಚೆಯವನಿಗೂ ತಲೆನೋವಾಯಿತು, ಆದರೂ ಬೀದಿ ಬೀದಿಯನ್ನು ಸೇರುತ್ತಿತ್ತು. ಕಾರಣ ಇಷ್ಟೆ. ಬೋರ್ಡು ನೂರಾರು ಎಕರೆಯನ್ನು ಒಟ್ಟಿಗೆ ಸ್ವಾಧೀನಪಡಿಸಿಕೊಂಡು ಒಂದೇ ಹಾಳೆಯ ಮೇಲೆ ನಕ್ಷೆ ಬರೆಯುತ್ತಿತ್ತು. 1961ರಲ್ಲಿ ಅಂದಿನ ಮೈಸೂರು ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆ ಬಂದಿತು. (ಅದೇ ವರ್ಷ ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬಾಕೆ ಮಹಾನಗರಗಳ ಸಾವುಬದುಕನ್ನು ಕುರಿತ ಗ್ರಂಥ ಬರೆದು, ಚಿಕ್ಕ ಚಿಕ್ಕ ಕೂಡುಬೀದಿಗಳಲ್ಲಿಯೇ ಊರಿನ ಜೀವವಿದೆಯೆಂದು ವಾದಿಸಿದ್ದಳು, ನಮ್ಮ ಇಂಜಿನಿಯರರ ಮೇಜಿಗೆ ಕಾಯಿದೆ ತಲುಪಿತು, ಆ ಗ್ರಂಥ ತಲುಪಿತೋ ಇಲ್ಲವೋ.) 1988ರಲ್ಲಿ ಟ್ರಸ್ಟ್ ಬೋರ್ಡಿನ ಸ್ಥಾನಕ್ಕೆ ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ ಬಂದಿತು. ಆ ವೇಳೆಗೆ ಭೂಮಿಯ ಬೆಲೆ ಏರಿತ್ತು. ರೈತನಿಗೆ ಸಲ್ಲಬೇಕಾದ ಪರಿಹಾರದ ವ್ಯಾಜ್ಯಗಳು ವರ್ಷಗಟ್ಟಲೆ ನಡೆಯುತ್ತಿದ್ದವು. ಸ್ವಾಧೀನ ನಿಧಾನವಾದಷ್ಟೂ ಗೃಹನಿರ್ಮಾಣ ಸಹಕಾರ ಸಂಘಗಳೂ ಖಾಸಗಿ ಬಡಾವಣೆದಾರರೂ ಮುಂದೆ ಬಂದರು. ಇವರಿಗೆ ಒಟ್ಟಿಗೆ ನೂರಾರು ಎಕರೆ ಸಿಗುವುದು ಅಪರೂಪ. ಒಬ್ಬ ರೈತ ಕೊಟ್ಟ ಐದು ಎಕರೆ, ಅವನ ದಾಯಾದಿಯದು ಮೂರು ಎಕರೆ, ನಡುವೆ ಮಾರಲೊಪ್ಪದವನ ಒಂದು ತುಂಡು.

ಇಲ್ಲಿಯೇ ಮುಖ್ಯವಾದ ತಿರುವು. ಸರ್ವೆ ನಂಬರಿನ ಗಡಿಯೇ ಬಡಾವಣೆಯ ಗಡಿಯಾಯಿತು. ಅಣ್ಣತಮ್ಮಂದಿರು ಹಿಸ್ಸೆಯಾದಾಗ ಹಾಕಿಕೊಂಡ ಹೊಲದ ಬದು ಇಟ್ಟಿಗೆಯ ಗೋಡೆಯಾಯಿತು. ಪ್ರತಿಯೊಂದು ಬಡಾವಣೆಯೂ ಮುಂಭಾಗದ ದೊಡ್ಡರಸ್ತೆಗೆ ಒಂದು ಬಾಯಿ ತೆರೆದುಕೊಂಡು, ಉಳಿದ ಮೂರು ಕಡೆ ಬೆನ್ನು ತಿರುಗಿಸಿ ಕುಳಿತಿತು. ಪಕ್ಕದ ಬಡಾವಣೆ ಬರುವ ಹೊತ್ತಿಗೆ ಇಲ್ಲಿಯ ಬೀದಿಯ ಕೊನೆಯಲ್ಲಿ ನಿವೇಶನ ಮಾರಿ ಮನೆ ಎದ್ದಿರುತ್ತದೆ. ಬಡಾವಣೆಯೊಳಗಿನ ರಸ್ತೆ, ಉದ್ಯಾನಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕೆಂಬುದು ನಿಯಮ. ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು. ಆದರೆ ಮುಂದೆ ಕಬ್ಬಿಣದ ಗೇಟು, ಕಾವಲುಗಾರನ ಗೂಡು ಬಂದ ಮೇಲೆ ಸಾರ್ವಜನಿಕನು ಅಲ್ಲಿ ತನ್ನ ಹೆಸರು, ಬಂದ ಕಾರಣ ಬರೆದು ಒಳಹೋಗುತ್ತಾನೆ. ಸುಮಾರು 42 ಕಿಲೋಮೀಟರ್ ಉದ್ದದ ಹೊರವರ್ತುಲ ರಸ್ತೆ ಆದಮೇಲೆ ಈ ಬಗೆಯ ಬೆಳವಣಿಗೆಗೆ ಇನ್ನಷ್ಟು ವೇಗ ಬಂದಿತು. ವರ್ತುಲ ರಸ್ತೆ ಊರಿಗೆ ಊರನ್ನು ಕೂಡಿಸಿತೆಂಬುದು ನಿಜ; ಲಾರಿಗಳು ನಗರದೊಳಕ್ಕೆ ಬರುವುದು ತಪ್ಪಿದ್ದೂ ನಿಜ. ಆದರೆ ಮನೆಗೆ ಮನೆಯನ್ನು ಕೂಡಿಸುವ ಕೆಲಸ ಅಷ್ಟು ದೊಡ್ಡ ರಸ್ತೆಯಿಂದ ಆಗತಕ್ಕದ್ದಲ್ಲ. 1901ರ 68 ಸಾವಿರ ಜನರ ಊರು 2011ರ ಜನಗಣತಿಯಲ್ಲಿ ಸುಮಾರು 9 ಲಕ್ಷ ಜನರ ನಗರವಾಗಿತ್ತು. ಇಷ್ಟು ಜನರ ಓಡಾಟವೆಲ್ಲ ಕೆಲವೇ ದೊಡ್ಡರಸ್ತೆಗಳ ಮೇಲೆ ಬಿದ್ದರೆ ಆ ರಸ್ತೆಗಳನ್ನು ಎಷ್ಟು ಅಗಲ ಮಾಡಿದರೂ ಸಾಲದು.

ಕೆಲವು ಸದ್ಭಕ್ತರು ನಮ್ಮೊಡನೆ ವಾದಿಸುವುದುಂಟು. ಗೇಟು ಇದ್ದರೆ ಕಳ್ಳರ ಭಯವಿಲ್ಲ, ಮಕ್ಕಳು ನಿಶ್ಚಿಂತೆಯಿಂದ ಸೈಕಲ್ ತುಳಿಯುತ್ತಾರೆ, ರಾತ್ರಿ ಹೊತ್ತು ಮೋಟಾರಿನ ಸದ್ದಿಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ವೇಗವಾಗಿ ಬರುವ ಬೈಕಿನಿಂದ ಮೊಮ್ಮಗುವನ್ನು ಕಾಪಾಡಬೇಕೆನ್ನುವ ಅಜ್ಜನ ಆಸೆ ತಪ್ಪೇನಲ್ಲ. ಆದರೆ ವಾಹನವನ್ನು ತಡೆಯಲು ಎರಡು ಕಲ್ಲುಕಂಬ ನೆಟ್ಟರೆ ಸಾಕಲ್ಲವೇ? ನಡೆಯುವವನನ್ನೂ ಏಕೆ ತಡೆಯಬೇಕು?

ಎರಡು ವರ್ಷಗಳ ಹಿಂದೆ ನಗರದ ಹೊರವಲಯದ ಬಡಾವಣೆಯೊಂದರಲ್ಲಿ ಭಕ್ತರೊಬ್ಬರ ಮನೆಗೆ ಪಾದಪೂಜೆಗೆಂದು ಹೋಗಿದ್ದೆವು. ಅವರ ತಾಯಿ ಹಿಂದೆ ಕೃಷ್ಣಮೂರ್ತಿಪುರಂ ಸಮೀಪದ ಒಂದು ವಠಾರದಲ್ಲಿದ್ದಾಗ ಪ್ರತಿ ಸೋಮವಾರ ತಪ್ಪದೆ ಮಠಕ್ಕೆ ನಡೆದು ಬರುತ್ತಿದ್ದ ವೃದ್ಧೆ. ಹೊಸ ಮನೆಗೆ ಬಂದ ಮೇಲೆ ಮಠಕ್ಕಂತೂ ದೂರವಾಯಿತು, ಬಿಡಿ. ಎಲ್ಲಿಗಾದರೂ ನಡೆದುಹೋಗುತ್ತೀರಾ ತಾಯಿ ಎಂದು ಕೇಳಿದೆವು. ಆಕೆ ನಮ್ಮನ್ನು ಹಿತ್ತಿಲಿಗೆ ಕರೆದೊಯ್ದು ಏಳಡಿ ಎತ್ತರದ ಗೋಡೆಯನ್ನು ತೋರಿಸಿ, “ಈ ಗ್ವಾಡೆ ಆಚೆಗೇ ನನ್ ತಂಗಿ ಮನೆ ಬುದ್ಧಿ. ಕೂಗುದ್ರೆ ಓಗೊಡ್ತಾಳೆ. ಅವಳ ಮನೇಲಿ ಒಗ್ಗರಣೆ ಹಾಕುದ್ರೆ ನಂಗೆ ಸೀನು ಬತ್ತದೆ. ಹೋಗ್ಬೇಕು ಅಂದ್ರೆ ಮಾತ್ರ ಆಟೋ ಬೇಕು, ನೂರು ರೂಪಾಯಿ” ಎಂದರು. ಮಗ ನಾಚಿಕೊಂಡು ನಕ್ಕರು. ದಾರಿ ಅಳೆದು ನೋಡಿದಾಗ ಒಂದು ಗೇಟಿನಿಂದ ಹೊರಬಿದ್ದು, ದೊಡ್ಡರಸ್ತೆಗೆ ಹೋಗಿ, ತಿರುವು ತೆಗೆದುಕೊಂಡು, ಇನ್ನೊಂದು ಗೇಟಿನಿಂದ ಒಳಹೊಕ್ಕರೆ ಎರಡು ಕಿಲೋಮೀಟರಿಗೆ ಸ್ವಲ್ಪ ಹೆಚ್ಚಾಯಿತು. ಹಬ್ಬದ ದಿನ ಹೋಳಿಗೆಯ ಡಬ್ಬಿ ಗೋಡೆಯ ಮೇಲಿಂದ ಹಗ್ಗದಲ್ಲಿ ಇಳಿಯುತ್ತಿತ್ತಂತೆ.

ಅಂದು ಪೂಜೆಯಾದ ಮೇಲೆ ಎರಡೂ ಬಡಾವಣೆಗಳ ಹಿರಿಯರನ್ನು ಕರೆಸಿ ಮಾತನಾಡಿದೆವು. ಗೋಡೆಯನ್ನು ತೆಗೆಯಿರೆಂದು ಕೇಳಲಿಲ್ಲ, ಕೇಳಿದರೂ ಕೊಡುತ್ತಿರಲಿಲ್ಲ. ಬೀದಿಯ ಕೊನೆಯಲ್ಲಿ ಒಬ್ಬ ಮನುಷ್ಯ ಹಾಯುವಷ್ಟು ಬಾಗಿಲು ಬಿಡಿರೆಂದು ಕೇಳಿದೆವು. ಒಬ್ಬರು ನಿವೇಶನದ ಬೆಲೆ ಇಳಿದೀತೆಂದರು. ಇನ್ನೊಬ್ಬರು ಆಚೆಯವರು ಎಂಥವರೋ ಎಂದರು. ಆಚೆಯವರೂ ಅದೇ ಕೋಣೆಯಲ್ಲಿ ಕುಳಿತು ಕಾಫಿ ಕುಡಿಯುತ್ತಿದ್ದರು. ನಾಲ್ಕು ಸಭೆಗಳಾದವು, ಒಂದು ಅರ್ಜಿ ಹೋಯಿತು, ಹತ್ತು ತಿಂಗಳು ಕಳೆದವು. ಕಡೆಗೆ ಮೂರಡಿ ಅಗಲದ ಬಾಗಿಲು ಆಯಿತು. ಬೆಳಗ್ಗೆ ಆರರಿಂದ ಸಂಜೆ ಏಳರವರೆಗೆ ತೆರೆದಿರಬೇಕೆಂದು ಒಪ್ಪಂದ.

ಕಳೆದ ಶ್ರಾವಣದಲ್ಲಿ ಮತ್ತೆ ಆ ಮನೆಗೆ ಹೋಗಿದ್ದೆವು. ವೃದ್ಧೆ ಮನೆಯಲ್ಲಿರಲಿಲ್ಲ, ತಂಗಿಯ ಮನೆಗೆ ಹೋಗಿದ್ದಾರೆಂದು ಸೊಸೆ ಹೇಳಿದರು. ಬಾಗಿಲನ್ನು ನೋಡಲು ನಡೆದು ಹೋದೆವು. ಮುಚ್ಚಿತ್ತು. ಮಧ್ಯಾಹ್ನ ಯಾರೂ ಓಡಾಡುವುದಿಲ್ಲವೆಂದು ಕಾವಲುಗಾರ ಬೀಗ ಹಾಕಿಕೊಂಡು ಊಟಕ್ಕೆ ಹೋಗಿದ್ದ. ಆಚೆ ಬದಿಯಲ್ಲಿ ಚಪ್ಪಲಿಯ ಸದ್ದು ಕೇಳಿಸಿತು. ಆಕೆ ಬಾಗಿಲು ತೆರೆಯುವುದನ್ನೇ ಕಾಯುತ್ತ ಅಲ್ಲಿ ಕಲ್ಲುಬೆಂಚಿನ ಮೇಲೆ ಕುಳಿತಿದ್ದರು.